ಲೂನಸ ಹಬ್ಬ: ದೇವರದೋ, ಜನರದೋ?

ಐರ್ಲೆಂಡಿನ ಸುಗ್ಗಿಹಬ್ಬವಾದ ಲೂನಸವನ್ನು ಕುರಿತು ಮಾಯ್ರ ಮ್ಯಾಕ್‌ನೀಲ್ 1962ರಲ್ಲಿ ಪ್ರಕಟಿಸಿದ ಗ್ರಂಥ ಅಪಾರ ಪರಿಶ್ರಮದ ಫಲ. ಜುಲೈ ತಿಂಗಳ ಕೊನೆಯ ಭಾನುವಾರ ಬೆಟ್ಟ ಹತ್ತಿ ಕಾಡುಹಣ್ಣು ಆಯುವುದು, ಮನೆಯಲ್ಲಿ ಹೊಸ ಆಲೂಗೆಡ್ಡೆಯ ಊಟ—ಊರೂರಿನ ಇಂಥ ಆಚರಣೆಗಳನ್ನು ಕಲೆಹಾಕಿ, ಅವುಗಳ ಹಿಂದೆ ಲೂ ಎಂಬ ಪ್ರಾಚೀನ ದೇವತೆಯನ್ನು ಲೇಖಕಿ ಕಾಣುತ್ತಾರೆ.

ಆ ವಿದ್ವತ್ತಿಗೆ ತಲೆಬಾಗಿದರೂ ಸಂದೇಹವೊಂದು ಉಳಿಯುತ್ತದೆ. ಆಲೂಗೆಡ್ಡೆ ಆ ನಾಡಿಗೆ ಬಂದದ್ದು 16ನೆಯ ಶತಮಾನದ ಕೊನೆಯ ಹೊತ್ತಿಗೆ. ಲೂ ಅದನ್ನು ಕಂಡವನಲ್ಲ! ಧಾನ್ಯದ ಜಾಗಕ್ಕೆ ಗೆಡ್ಡೆ ಬಂತೆನ್ನಬಹುದು. ಆದರೆ 1845ರಲ್ಲಿ ಅದೇ ಬೆಳೆಗೆ ರೋಗ ತಗುಲಿ, ಮುಂದಿನ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅಲ್ಲಿಂದಾಚೆಗೆ ಹೊಸ ಗೆಡ್ಡೆಯ ಮೊದಲ ತುತ್ತು ಕೇವಲ ಹಳೆಯ ದೇವರ ನೆನಪಾಗಿ ಉಳಿದೀತೆ? ಅದು ಉಳಿದವರ ನಿಟ್ಟುಸಿರೂ ಹೌದು. ದೇವರನ್ನು ಹುಡುಕುವ ವಿದ್ವಾಂಸರು ಉಣ್ಣುವವರ ಮುಖವನ್ನೂ ನೋಡಬೇಕು.