ಪ್ಲೇಟ್‌ಲೆಟ್ ಹೇಳುವ ಸಾಕ್ಷಿ

ಬಸುರಿಯ ಬಿ.ಪಿ. ಏರಿ ಪ್ರೀ-ಎಕ್ಲಾಂಪ್ಸಿಯಾ, ಅಂದರೆ ಬಸಿರು ನಂಜು ಕಾಣಿಸಿಕೊಂಡಾಗ ಕೆಟ್ಟಿರುವುದು ಮಾಸು ಮತ್ತು ರಕ್ತನಾಳ. ಹೆರಿಗೆಗೆ ಮುಂಚೆ ಅವನ್ನು ಬಿಚ್ಚಿ ನೋಡುವಂತಿಲ್ಲ. ಹಾಗಾಗಿ ಸಂಶೋಧಕರು ತೋಳಿನಿಂದ ರಕ್ತ ತೆಗೆದು, ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳ ಮೈಮೇಲಿನ ಹಾರ್ಮೋನ್ ಗ್ರಾಹಿಗಳನ್ನು ಅಳೆದು, ಅಂಥವೇ ಗ್ರಾಹಿಗಳಿರುವ ನಾಳದ ಗೋಡೆಯ ಸ್ಥಿತಿಯನ್ನು ಊಹಿಸುತ್ತಾರೆ. ಉಪಾಯವೇನೋ ಜಾಣತನದ್ದೇ. ಸಾಕ್ಷಿ ಎಷ್ಟು ಗಟ್ಟಿ?

ಬುನಾದಿ ಗಟ್ಟಿಯಾಗಿದೆ. ನಾಳಗಳನ್ನು ಬಿಗಿಸುವ ಆಂಜಿಯೋಟೆನ್ಸಿನ್ ಹಾರ್ಮೋನನ್ನು ಆರೋಗ್ಯವಂತ ಬಸುರಿಯ ದೇಹ ತಡೆದುಕೊಳ್ಳುತ್ತದೆ, ಮುಂದೆ ಬಿ.ಪಿ. ಏರಲಿರುವವರಲ್ಲಿ ಈ ತಾಳಿಕೆ ವಾರಗಳ ಮೊದಲೇ ಕುಸಿಯುತ್ತದೆ ಎಂದು ಅಮೆರಿಕದ ಗ್ಯಾಂಟ್ ಮತ್ತು ಸಂಗಡಿಗರು 1973ರಲ್ಲೇ ತೋರಿಸಿದ್ದರು. 2001ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದ ವರದಿ ಇನ್ನೂ ಮುಂದೆ ಹೋಯಿತು: ನಂಜಿನವರ ಪ್ಲೇಟ್‌ಲೆಟ್‌ಗಳಲ್ಲಿ ಆಂಜಿಯೋಟೆನ್ಸಿನ್ ಗ್ರಾಹಿಯು ನಾಳಗಳನ್ನು ಸಡಿಲಿಸುವ ಬ್ರಾಡಿಕೈನಿನ್ ಗ್ರಾಹಿಯೊಂದಿಗೆ ಜೋಡಿಯಾಗಿ ಅತಿಸೂಕ್ಷ್ಮವಾಗುತ್ತದೆ ಎಂದಿತು. 2009ರಲ್ಲಿ ಇನ್ನೊಂದು ತಂಡ ಪ್ರಯೋಗಾಲಯದ ಜೀವಕೋಶಗಳಲ್ಲಿ ಆ ಜೋಡಿಯನ್ನು ಹುಡುಕಿ, ಪುರಾವೆ ಸಿಗಲಿಲ್ಲವೆಂದು ಬರೆಯಿತು. 2019ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಜೋಡಿ ಮತ್ತೆ ಹಾಜರು! ವಾದ ಇನ್ನೂ ತೀರಿಲ್ಲ.

ನನ್ನ ತಕರಾರು ಬೇರೆ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲ, ಆಯುಸ್ಸು ಎಂಟು-ಹತ್ತು ದಿನ. ನಂಜಿನಲ್ಲಿ ಹಳೆಯವು ಬೇಗ ಖರ್ಚಾಗಿ ಎಳೆಯವು ಹೆಚ್ಚುತ್ತವೆ. ಗ್ರಾಹಿಗಳ ಲೆಕ್ಕ ಬದಲಾದರೆ ಅದು ರೋಗದ ಗುರುತೋ, ಎಳೆತನದ ಗುರುತೋ? ಅದಲ್ಲದೆ, ಬಿ.ಪಿ. ಏರಿದ ಮೇಲೆ ತೆಗೆದ ಒಂದು ಸಲದ ರಕ್ತ ಯಾವುದು ಕಾರಣ, ಯಾವುದು ಪರಿಣಾಮ ಎಂದು ಹೇಳಲಾರದು.

ಈ ಎರಡನೆಯ ಕೊರತೆಗೆ ಪುಣೆಯಲ್ಲಿ ಉತ್ತರದ ಅಡಿಪಾಯ ಸಿಕ್ಕಿದೆ. ಭಾರತಿ ವಿದ್ಯಾಪೀಠದ ಸಂಶೋಧಕರ ‘ರೀವ್ಯಾಂಪ್’ ಅಧ್ಯಯನ ಅದೇ ಹೆಂಗಸರನ್ನು 11–14 ವಾರಗಳಿಂದ ಹೆರಿಗೆಯವರೆಗೆ ಹಂತಹಂತವಾಗಿ ಹಿಂಬಾಲಿಸಿ ರಕ್ತ ಪಡೆದಿದೆ. ಅದರ ಒತ್ತು ಕೊಬ್ಬಿನಾಮ್ಲಗಳು, ನಾಳ ಬೆಳೆಸುವ ಅಂಶಗಳ ಮೇಲೆ. ಪ್ಲೇಟ್‌ಲೆಟ್ ಕೆಲಸಕ್ಕೆ ಹಸಿ ರಕ್ತವನ್ನು ಆಗಲೇ ಪರೀಕ್ಷಿಸಬೇಕು, ಫ್ರೀಜರಿನಲ್ಲಿಟ್ಟದ್ದು ನಡೆಯದು. ಆ ಖರ್ಚನ್ನು ಹೊರುವ ಸಾಹಸ ಇಂಥ ತಂಡಕ್ಕೇ ಒಪ್ಪುತ್ತದೆ.

ಅಷ್ಟರವರೆಗೆ ಗ್ರಾಹಿಯ ಎಣಿಕೆ ಆಸ್ಪತ್ರೆಯ ಪರೀಕ್ಷೆಯಾಗಲು ಯೋಗ್ಯವಲ್ಲ. ಆದರೆ ನಂಜಿನ ಅಪಾಯವಿರುವವರಿಗೆ ವೈದ್ಯರು ಹೇಳಿದಂತೆ ಬೇಗ ಶುರುವಾಗುವ ಕಡಿಮೆ ಪ್ರಮಾಣದ ಆಸ್ಪಿರಿನ್ನಿಗೆ, 2017ರ ‘ಆಸ್ಪ್ರಿ’ ಪ್ರಯೋಗದ ನಂತರ, ಗಟ್ಟಿ ಪುರಾವೆಯಿದೆ: 37 ವಾರಕ್ಕೆ ಮುಂಚೆ ಹೆರಿಗೆ ಮಾಡಿಸಬೇಕಾಗುವ ನಂಜು ಆಸ್ಪಿರಿನ್ ಪಡೆದವರಲ್ಲಿ 1.6%, ಪಡೆಯದವರಲ್ಲಿ 4.3%.