ಎರಡು ಪೆಟ್ಟಿಗೆ, ಒಂದು ಗಡಿಯಾರದ ಸೆಲ್ಲು

ಹಾಸನೂರಿನ ನಮ್ಮ ನಡುಮನೆಯಲ್ಲಿ ಜೆಬಿಎಲ್ ಎಲ್‌100 ಸ್ಪೀಕರ್ ಜೋಡಿಯೊಂದು ಇಪ್ಪತ್ತಮೂರು ವರ್ಷದಿಂದ ಕೂತಿದೆ. ಮೈಸೂರಿನಲ್ಲಿ ಮನೆ ಖಾಲಿ ಮಾಡುತ್ತಿದ್ದವರಿಂದ ಕೊಂಡದ್ದು. ಚಾಮರಾಜನಗರ, ಪುಣಜನೂರು ದಾಟಿ, ಕಾರಪಳ್ಳದ ಚೆಕ್‌ಪೋಸ್ಟಿನಲ್ಲಿ ಕಬ್ಬಿನ ಲಾರಿಗೆ ಸೊಂಡಿಲು ಹಾಕಿದ್ದ ಆನೆ ಪಕ್ಕಕ್ಕೆ ಸರಿಯುವವರೆಗೂ ಕಾದು ಮನೆ ಮುಟ್ಟುವಷ್ಟರಲ್ಲಿ, ಪೆಟ್ಟಿಗೆಗಳ ಮುಖಕ್ಕಿದ್ದ ಚೌಕಳಿ ಸ್ಪಂಜು ಪುಡಿಪುಡಿಯಾಗಿ ಟೆಂಪೋ ತುಂಬ ಉದುರಿತ್ತು. ನನ್ನ ಹೊಟ್ಟೆ ಚುರ್ ಎಂದಿತು. ಆ ಸ್ಪಂಜೇ ಇದರ ಗುರುತು ಎಂದು ಪತ್ರಿಕೆಯ ಬಣ್ಣದ ಚಿತ್ರಗಳಲ್ಲಿ ನೋಡಿಕೊಂಡಿದ್ದವನು ನಾನು.

ಪಾಲಿಯುರೆಥೇನ್ ಸ್ಪಂಜಿಗೆ ಗಾಳಿಯ ತೇವವೇ ವೈರಿ. ಮೊದಲು ಅಂಟಂಟಾಗುತ್ತದೆ, ಆಮೇಲೆ ಹಳೇ ಬೆಲ್ಲದಂತೆ ಉದುರುತ್ತದೆ. ಎಪ್ಪತ್ತು, ಎಂಬತ್ತರ ದಶಕದ ಎಷ್ಟೋ ದುಬಾರಿ ಸ್ಪೀಕರುಗಳ ಕೋನಿನ ಅಂಚೂ ಇದೇ ಸ್ಪಂಜಿನದು. ಮಂಜು ಕವಿಯುವ ನಮ್ಮ ಬೆಟ್ಟದಲ್ಲಿ ಅಂಥವು ಬಾಳಿಕೆ ಬರುವುದಿಲ್ಲ. 1970ರಲ್ಲಿ ಬಂದ ಎಲ್‌100, 4310 ಎಂಬ ಸ್ಟುಡಿಯೋ ಸ್ಪೀಕರಿನ ಮನೆಬಳಕೆಯ ರೂಪ. ಅದರ ಹನ್ನೆರಡು ಇಂಚಿನ ಬಿಳಿ ಕೋನಿಗೆ ಮಡಿಕೆ ಹಾಕಿದ ಬಟ್ಟೆಯ ಅಂಚಿದೆ. ಉದುರಿದ್ದು ಅಲಂಕಾರ ಮಾತ್ರ, ಕೆಲಸದ ಭಾಗ ಗಟ್ಟಿಯಾಗಿತ್ತು.

ಒಳಗೂ ಹಾಗೆಯೇ. ಸ್ವರಗಳನ್ನು ಹಂಚುವ ಕ್ರಾಸ್‌ಓವರಿನಲ್ಲಿ ಇರುವುದು ಎರಡೇ ಕೆಪಾಸಿಟರ್. ದೊಡ್ಡ ಕೋನಿಗಂತೂ ತಡೆಯೇ ಇಲ್ಲ, ಆಂಪ್ಲಿಫೈಯರ್ ಕೊಟ್ಟದ್ದೆಲ್ಲ ನೇರ ಅದಕ್ಕೇ. ಇವತ್ತಿನ ಎಂಜಿನಿಯರು ಹುಬ್ಬು ಗಂಟಿಕ್ಕಿಯಾನು, ನ್ಯಾಯವೇ. ದೊಡ್ಡ ಕೋನೂ ಮಧ್ಯದ ಐದು ಇಂಚಿನದೂ ಒಂದೇ ಸ್ವರವನ್ನು ಒಟ್ಟೊಟ್ಟಿಗೆ ನುಡಿದು, ಗಾಯಕನ ದನಿ ಎದೆ ಉಬ್ಬಿಸಿಕೊಂಡು ಮುಂದೆ ಬಂದು ನಿಲ್ಲುತ್ತದೆ. ನಮ್ಮ ಸೀಮೆಯ ಗಾಜನೂರಿನ ರಾಜ್‌ಕುಮಾರರಿಗೆ ರಾಷ್ಟ್ರಪ್ರಶಸ್ತಿ ತಂದ, ‘ಜೀವನಚೈತ್ರ’ದ (1992) ‘ನಾದಮಯ’ ಹಾಡನ್ನು ಇದರಲ್ಲಿ ಕೇಳಿ: ಕೆಳಸ್ಥಾಯಿಯಲ್ಲಿ ಅವರು ಕೋಣೆಯೊಳಗೇ ಇದ್ದಾರೆ, ಮೇಲಕ್ಕೇರಿದಾಗ ಹಿಂದಿನ ತಂಬೂರಿ ಮಸುಕು. ಇದು ಸತ್ಯವನ್ನೇ ನುಡಿಯುವ ಸ್ಪೀಕರಲ್ಲ. ಇದನ್ನು ಸಾಕಿಕೊಂಡವರು ಈ ಮಾತು ಒಪ್ಪುವುದಿಲ್ಲ. ನಾನೂ ಹತ್ತು ವರ್ಷ ಒಪ್ಪಿರಲಿಲ್ಲ.

ಅವರು ಒಪ್ಪದ ಇನ್ನೊಂದು ಮಾತು ‘ಒರಿಜಿನಲ್’ ಎಂಬುದರ ಬಗ್ಗೆ. ಬೆಸುಗೆ ಕೂಡ ಕಾರ್ಖಾನೆಯದೇ ಇರಬೇಕಂತೆ. ಕೆಪಾಸಿಟರ್ ಒಣಗಿ ಟ್ರೆಬಲ್ ಮಂಕಾದರೆ ಅದನ್ನು ‘ಹಳೇ ಕಾಲದ ಮೃದುತ್ವ’ ಎಂದು ಹೊಗಳುತ್ತಾರೆ. ಆ ಮೃದುತ್ವ 1970ರಲ್ಲಿ ಯಾರೂ ಕೇಳಿದ್ದಲ್ಲ. ಹಾಳಾದದ್ದನ್ನು ಹಾಗೇ ಉಳಿಸಿಕೊಳ್ಳುವುದಕ್ಕೆ ನಿಷ್ಠೆ ಎನ್ನುವುದು ಹೇಗೆ? 2018ರಲ್ಲಿ ಕಂಪನಿಯೇ ಎಲ್‌100 ಕ್ಲಾಸಿಕ್ ಎಂದು ಮರಳಿ ತಂದಾಗ ಮುಖದ ಸ್ಪಂಜು ಉಳಿಸಿ, ಒಳಗಿನ ಕಾಗದದ ಟ್ವೀಟರ್ ತೆಗೆದು ಟೈಟಾನಿಯಂ ಹಾಕಿತು.

ಹಾಳಾದದ್ದನ್ನು ಬದಲಿಸುವುದೇ ಸರಿ ಎಂದು ನನಗೆ ಅರ್ಥ ಮಾಡಿಸಿದ್ದು ನಮ್ಮೂರಿನ ಮೈಕ್‌ಸೆಟ್ ಹುಡುಗ. ಒಂದು ಮಳೆಗಾಲ ಸಿಡಿಲಿಗೆ ಆಂಪ್ಲಿಫೈಯರ್ ಕೆಟ್ಟು ಬಲಗಡೆಯ ಕಾಯಿಲ್ ಸುಟ್ಟಿತು. ದೂರದ ಪಟ್ಟಣದ ಅಂಗಡಿಯೊಂದರಲ್ಲಿ ರೀಕೋನ್ ಮಾಡಿಸಿ ತಂದೆ. ನೋಡಲು ಹೊಚ್ಚ ಹೊಸದು, ಆದರೆ ಜೋಡಿಯನ್ನು ಒಟ್ಟಿಗೆ ನುಡಿಸಿದರೆ ಬಾಸೇ ಮಾಯ. ಒಂದೊಂದನ್ನೇ ನುಡಿಸಿದರೆ ಸರಿಯಾಗಿದೆ. ಆರು ತಿಂಗಳು ಗೋಡೆ, ಕಿಟಕಿ, ತಂತಿ ಎಲ್ಲವನ್ನೂ ಬೈದೆ. ಹಾರ್ನಿನ ತಂತಿ ಎಳೆಯಲು ಬಂದಿದ್ದ ಆ ಹುಡುಗ ಗೋಡೆ ಗಡಿಯಾರದ ಸೆಲ್ಲು ಬಿಚ್ಚಿ, ಎರಡು ತುಂಡು ತಂತಿಯಿಂದ ಒಂದೊಂದು ಪೆಟ್ಟಿಗೆಗೂ ಮುಟ್ಟಿಸಿದ.

“ಒಂದ್ ಒಳಕ್ಕ ಎಳೀತದ, ಒಂದ್ ಈಚ್ಗ ತಳ್ತದ ಕಣಣ್ಣ. ಎಲ್ಡೂ ಜಗಳಾಡ್ಕಂಡವ.”

ಹಳೇ ಜೆಬಿಎಲ್‌ಗಳ ರೂಢಿ ತಲೆಕೆಳಗು: ಕೆಂಪು ತುದಿಗೆ ಪ್ಲಸ್ ಕೊಟ್ಟರೆ ಕೋನು ಒಳಕ್ಕೆ ಹೋಗುತ್ತದೆ. ಅಂಗಡಿಯವನು ಲೋಕರೂಢಿಯಂತೆ ಜೋಡಿಸಿದ್ದ. ತಂತಿ ಅದಲುಬದಲು ಮಾಡಿದ್ದಷ್ಟೇ, ತಟ್ಟೆ ನಡುಗುವಂತೆ ಬಾಸ್ ಬಂತು. ಅವನಿಗೆ ಎಲ್‌100 ಎಂದರೆ ಏನೂ ಅಲ್ಲ. ಹಬ್ಬಕ್ಕೆ ಮೊದಲು ಹಾರ್ನಿನ ಯೂನಿಟ್ ಬಿಚ್ಚಿ ಡಯಾಫ್ರಮ್ ಬದಲಿಸುತ್ತಾನೆ, ಹಳೆಯದನ್ನು ಬಿಸಾಡುತ್ತಾನೆ, ಲಾಂದ್ರಕ್ಕೆ ಬತ್ತಿ ಹಾಕಿದ ಹಾಗೆ. ಸಂಗ್ರಾಹಕರಿಗಿಂತ ಈ ಕಸುಬೇ ಮೇಲೆಂದು ನನ್ನ ತೀರ್ಮಾನ. ಎಲ್‌100ರ ದೊಡ್ಡತನವೂ ಅದು ಇಂಥ ಕೈಗೆ ಒಗ್ಗುತ್ತದೆ ಎಂಬುದರಲ್ಲೇ ಇದೆ, ಮುಂದಿನಿಂದಲೇ ತಿರುಪು ಬಿಚ್ಚಿ ಎಲ್ಲವನ್ನೂ ತೆಗೆಯಬಹುದು.

ಮುಖದ ಮೇಲಿನ ‘ಪ್ರೆಸೆನ್ಸ್’, ‘ಬ್ರಿಲಿಯನ್ಸ್’ ಗುಂಡಿಗಳಿಗೆ ಮಾತ್ರ ಮಳೆಗಾಲ ಕಳೆದ ಮೇಲೆ ಕಿಲುಬು ಹಿಡಿದು ಕರಕರ. ಆಚೆಗೊಮ್ಮೆ ಈಚೆಗೊಮ್ಮೆ ಇಪ್ಪತ್ತು ಸಲ ತಿರುಗಿಸಿದರೆ ದಾರಿಗೆ ಬರುತ್ತವೆ. ಅಷ್ಟೂ ವರ್ಷ ನಾನು ಮಾಡಿದ ಯಾವ ರಿಪೇರಿಗಿಂತಲೂ ಹೆಚ್ಚು ಗುಣ ಕೊಟ್ಟದ್ದು ಒಂದು ಕೋರ್ಟ್ ಆದೇಶ. 2022ರ ಫೆಬ್ರವರಿಯಿಂದ ಹುಲಿಕಾಡಿನ ಬಣ್ಣಾರಿ–ಕಾರಪಳ್ಳ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ತಡೆ. ದಿಂಬಂನ ಇಪ್ಪತ್ತೇಳು ತಿರುವು ಹತ್ತಿ ಬಂದ ಲಾರಿಗಳ ಮೊರೆತ ರಾತ್ರಿ ಹೊತ್ತು ನಿಂತುಹೋಯಿತು. ತಂಬೂರಿ ಕೇಳತೊಡಗಿತು, ಮಸುಕಾಗಿಯೇ.

ಈಗ ಎಡಗಡೆಯ ಟ್ವೀಟರ್ ಕುಗ್ಗಿದೆ. ಅದೇ ಮಾದರಿಯ, ಆದರೆ ಬೇರೆ ವರ್ಷದ್ದೊಂದು ಸಿಕ್ಕಿದೆ. ಹಾಕಿಬಿಡುತ್ತೇನೆ. ಬಣ್ಣಾರಿ ಅಮ್ಮನ ಕೊಂಡದ ಹಬ್ಬ ಮುಗಿಯಲಿ, ಅಲ್ಲಿಯವರೆಗೂ ಪುರಸೊತ್ತಿಲ್ಲ ಎಂದಿದ್ದಾನೆ ಹುಡುಗ.