ಹಳೆಯ ಸರಪಳಿ ಗರಗಸ: ದುರಸ್ತಿ ಸರಿ, ಮಾರ್ಪಾಟು?

ಹಳೆಯ ಸರಪಳಿ ಗರಗಸಗಳನ್ನು (ಚೈನ್‌ಸಾ) ದುರಸ್ತಿ ಮಾಡಿ ಮತ್ತೆ ಓಡಿಸುವುದು ಯೂರೋಪು, ಅಮೆರಿಕಗಳಲ್ಲಿ ಹಲವರ ಹವ್ಯಾಸ. ಜರ್ಮನಿಯ ಸ್ಟಿಲ್ ಸಂಸ್ಥೆ 1959ರಲ್ಲಿ ಹೊರತಂದ 'ಕಾಂಟ್ರಾ' ಇವರ ಮೆಚ್ಚಿನ ಯಂತ್ರಗಳಲ್ಲೊಂದು. ಗೇರುಗಳಿಲ್ಲದ ಅದರ ತೂಕ ಸುಮಾರು 12 ಕಿಲೋಗ್ರಾಂ.

ದುರಸ್ತಿಯಲ್ಲಿ ಕಲಿಯುವುದು ಬಹಳವಿದೆ. ಗರಗಸವನ್ನು ಹೇಗೆ ಓರೆಯಾಗಿಸಿದರೂ ಎಂಜಿನ್ ಏಕೆ ನಿಲ್ಲುವುದಿಲ್ಲ? ಕಾರ್ಬ್ಯುರೇಟರಿನಲ್ಲಿ ತೇಲುಬುರುಡೆಯ ಬದಲು ತೆಳು ಪೊರೆಗಳಿವೆ. ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತಕ್ಕೆ ಮಿಡಿಯುವ ಪೊರೆಯೇ ಪೆಟ್ರೋಲನ್ನು ಪಂಪು ಮಾಡುತ್ತದೆ.

ಆಕ್ಷೇಪವಿರುವುದು ಮಾರ್ಪಾಟಿನ ಬಗ್ಗೆ. ಹೆಚ್ಚು ಶಕ್ತಿಗಾಗಿ ಕೆಲವರು ಸೈಲೆನ್ಸರಿನ ರಂಧ್ರ ಹಿಗ್ಗಿಸುತ್ತಾರೆ. ಆಗ ಎಂಜಿನ್ನಿಗೆ ಹೆಚ್ಚು ಗಾಳಿ ನುಗ್ಗುತ್ತದೆ. ಕಾರ್ಬ್ಯುರೇಟರನ್ನು ಹೊಂದಿಸದಿದ್ದರೆ ಆ ಗಾಳಿಗೆ ಪೆಟ್ರೋಲು ಸಾಲದು. ಎರಡು ಹೊಡೆತದ ಎಂಜಿನ್ನಿನಲ್ಲಿ ಕೀಲೆಣ್ಣೆ ಪೆಟ್ರೋಲಿನಲ್ಲೇ ಬೆರೆತಿರುವುದರಿಂದ ಅದೂ ಸಾಲದು. ತಾಪ ಏರಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಕಿವಿಗೂ ಹಾನಿ.

ಇನ್ನೊಂದು ತಪ್ಪು ಇದಕ್ಕಿಂತ ಗಂಭೀರ. ಅಲಗಿನ ತುದಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಗರಗಸ ಕ್ಷಣಾರ್ಧದಲ್ಲಿ ಮೇಲಕ್ಕೆದ್ದು ಬಳಸುವವರ ಮುಖದತ್ತ ಚಿಮ್ಮುತ್ತದೆ. ಆಗ ಸರಪಳಿಯನ್ನು ತಡೆಯುವ ಬ್ರೇಕ್ ಬಂದದ್ದು 1970ರ ದಶಕದಲ್ಲಿ, ಕಾಂಟ್ರಾದಲ್ಲಿ ಅದಿಲ್ಲ. ಯಂತ್ರವನ್ನು ಮೂಲರೂಪಕ್ಕೆ ತಂದೆವೆಂದು ಹೆಮ್ಮೆಪಡುವವರು ಅದರ ಮೂಲ ಅಪಾಯವನ್ನೂ ಮರಳಿ ತಂದಿರುತ್ತಾರೆ. ಪ್ರದರ್ಶನಕ್ಕೆ ಅದು ಸರಿ, ಮರ ಕೊಯ್ಯಲು ಅಲ್ಲ.

ಇಂಧನ ಬಸಿದು, ಸರಪಳಿ ಮತ್ತು ಸ್ಪಾರ್ಕ್ ಪ್ಲಗ್ ತೆಗೆದಿಟ್ಟ ಹಳೆಯ ಗರಗಸ ಪ್ರಯೋಗಾಲಯದ ಮೇಜಿನ ಮೇಲೆ ಒಳ್ಳೆಯ ಪಾಠೋಪಕರಣ. ಅದನ್ನು ಬಿಚ್ಚಿ ಅರಿಯುವುದೇ ಈ ಹವ್ಯಾಸದ ನಿಜವಾದ ಲಾಭವಲ್ಲವೆ?